ಲಂಚದ ದುಡ್ಡು ದುಬೈಯಲ್ಲಿದ್ದರೆ ಮಂಗಳೂರಿನ ಲೋಕಾಯುಕ್ತ ಪೊಲೀಸರಿಗೆ ಲೆಕ್ಕ ಸಿಗುತ್ತದೆಯೇ?

ಸಿಗುತ್ತದೆ, ಆದರೆ ನೇರವಾಗಿ ಅಲ್ಲ. ಇಲ್ಲಿನ ಪೊಲೀಸ್ ಅಧಿಕಾರಿಯೊಬ್ಬ ಲಂಚದ ಹಣವನ್ನು ದುಬೈ ಖಾತೆಗೆ ಹಾಕಿದ್ದಾನೆ ಎನ್ನಿ. ನಮ್ಮ ತನಿಖಾಧಿಕಾರಿ ಬರೆದ ಪತ್ರಕ್ಕೆ ಆ ಬ್ಯಾಂಕ್ ಉತ್ತರಿಸಬೇಕಿಲ್ಲ. ಅಲ್ಲಿನ ಕಾನೂನು ಹೇಳಿದರಷ್ಟೇ ದಾಖಲೆ ಕೊಡುತ್ತದೆ. ಅದಕ್ಕೇ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 112ನೇ ಕಲಮಿನಡಿ ನ್ಯಾಯಾಲಯದಿಂದ ಕೋರಿಕೆ ಪತ್ರ ಪಡೆದು, ಕೇಂದ್ರ ಗೃಹ ಸಚಿವಾಲಯದ ಮೂಲಕ ಕಳಿಸಬೇಕು. ಭಾರತ 2011ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಪ್ಪಂದದಲ್ಲಿ ಯುಎಇ ಕೂಡ ಇದೆ. ಅದರಡಿ ಬ್ಯಾಂಕ್ ಗೋಪ್ಯತೆಯ ನೆಪ ಸಲ್ಲದು. ಇದು ದೊಡ್ಡ ಬಲ.

ಕೆಲಸ ಕೆಡುವುದು ಪತ್ರದ ಒಕ್ಕಣೆಯಲ್ಲಿ. 'ಎಲ್ಲ ಖಾತೆಗಳ ವಿವರ ಕೊಡಿ' ಎಂದು ಬರೆದರೆ ವಾಪಸ್ ಬರುವ ಸಾಧ್ಯತೆಯೇ ಹೆಚ್ಚು. ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಅವಧಿ, ಆ ಹಣಕ್ಕೂ ಲಂಚಕ್ಕೂ ಇರುವ ಕೊಂಡಿ, ಜೊತೆಗೆ ಅರಬಿ ಅನುವಾದ ಬೇಕು. ಇಂಟರ್‌ಪೋಲ್ ಮೂಲಕ ಮಾಹಿತಿ ಬೇಗ ಬರಬಹುದು, ಆದರೆ ಅದು ಬರೀ ಸುಳಿವು; ವಿಚಾರಣೆಯಲ್ಲಿ ನಿಲ್ಲುವುದು ಕೋರಿಕೆ ಪತ್ರಕ್ಕೆ ಬಂದ ದೃಢೀಕೃತ ದಾಖಲೆಯೇ.