ಓದುಗರ ಪ್ರಶ್ನೆ, ನಮ್ಮ ಉತ್ತರ: ಕಲಬುರಗಿಯ ನಡುಪೇಟೆಯಲ್ಲಿ ಹೊಸ ಹೋಟೆಲು, ಹೊಸ ಮನೆ

ಕಲಬುರಗಿಯ ಹಳೆಯ ಪೇಟೆಯಲ್ಲಿ ನಡೆಯುತ್ತಿರುವ ಹೋಟೆಲು ಮತ್ತು ಅಪಾರ್ಟ್‌ಮೆಂಟುಗಳ ನಿರ್ಮಾಣದ ಬಗೆಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಮೊದಲ ಪ್ರಶ್ನೆಗೆ ಉತ್ತರ ದೀರ್ಘವಾಗಿದೆ. ಉಳಿದ ಪ್ರಶ್ನೆಗಳ ಬೇರು ಅದರಲ್ಲಿಯೇ ಇದೆ.

ಪ್ರಶ್ನೆ: ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ತಂದೆಯವರ ಕಾಲದಿಂದ ಬಾಡಿಗೆಯ ಮಳಿಗೆಯಲ್ಲಿ ನಮ್ಮ ಬಟ್ಟೆ ಅಂಗಡಿ ನಡೆಯುತ್ತಿದೆ. ಹಲವು ವರ್ಷಗಳಿಂದ ಗಿರಾಕಿಗಳು ಸೇಡಂ ರಸ್ತೆ, ಜೇವರ್ಗಿ ರಸ್ತೆ, ರಿಂಗ್ ರೋಡುಗಳ ಕಡೆಗೆ ಹೊರಳಿದ್ದಾರೆ. ಈಗ ನಮ್ಮ ಸುತ್ತಲಿನ ಹಳೆಯ ಕಟ್ಟಡಗಳನ್ನು ಕೆಡವಿ ಹೋಟೆಲು, ಅಪಾರ್ಟ್‌ಮೆಂಟು ಕಟ್ಟುವ ಮಾತು ನಡೆದಿದೆ. ಇದರಿಂದ ಪೇಟೆಗೆ ಮತ್ತೆ ಕಳೆ ಬಂದೀತೇ, ಅಥವಾ ನಾವೇ ಜಾಗ ಖಾಲಿ ಮಾಡಬೇಕಾದೀತೇ?
– ಬಟ್ಟೆ ವ್ಯಾಪಾರಿ, ಕಲಬುರಗಿ

ಉತ್ತರ: ಕಳೆ ಬರಬಹುದು. ಆದರೆ ಕಟ್ಟಡ ಎಷ್ಟು ಎತ್ತರದ್ದು, ಎಷ್ಟು ಕೋಟಿಯದ್ದು ಎಂಬುದರಿಂದ ಅದು ಬರುವುದಿಲ್ಲ. ಅದರ ನೆಲಮಹಡಿ ಬೀದಿಗೆ ತೆರೆದುಕೊಂಡಿದೆಯೇ, ಮೇಲಿನ ಮಹಡಿಗಳಲ್ಲಿ ವರ್ಷವಿಡೀ ಸಂಸಾರಗಳು ವಾಸಿಸುತ್ತವೆಯೇ, ಇಷ್ಟು ದಿನ ಆ ಬೀದಿಯನ್ನು ನಡೆಸಿಕೊಂಡು ಬಂದ ನಿಮ್ಮಂಥವರಿಗೆ ಅಲ್ಲಿ ಮತ್ತೆ ಜಾಗ ಸಿಗುತ್ತದೆಯೇ ಎಂಬ ಮೂರು ಮಾತುಗಳಿಂದಲೇ ಅದು ತೀರ್ಮಾನವಾಗುತ್ತದೆ.

ನಡುಪೇಟೆ ಸೊರಗಿದ್ದಕ್ಕೆ ವ್ಯಾಪಾರಿಗಳ ಆಲಸ್ಯ ಕಾರಣವಲ್ಲ. 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯ, 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠ, 2009ರಲ್ಲಿ ಸ್ಥಾಪನೆಯಾಗಿ ಆಳಂದ ರಸ್ತೆಯ ಕಡಗಂಚಿಯಲ್ಲಿ ನೆಲೆನಿಂತ ಕೇಂದ್ರೀಯ ವಿಶ್ವವಿದ್ಯಾಲಯ, 2019ರ ನವೆಂಬರಿನಲ್ಲಿ ತೆರೆದ ವಿಮಾನ ನಿಲ್ದಾಣ, ಇವೆಲ್ಲವೂ ವಿಶಾಲ ಜಾಗ ಬೇಕಾದ ಸಂಸ್ಥೆಗಳಾದ್ದರಿಂದ ಊರಂಚಿಗೆ ಅಥವಾ ಊರ ಹೊರಗೆ ಹೋದವು; ಅವುಗಳ ಹಿಂದೆ ನೌಕರರು, ಅವರ ಹಿಂದೆ ಹೊಸ ಬಡಾವಣೆಗಳು, ಬಡಾವಣೆಗಳ ಹಿಂದೆ ಶಾಲೆ, ಅಂಗಡಿ, ದವಾಖಾನೆಗಳು ಹೋದವು. 2011ರ ಜನಗಣತಿಯಲ್ಲಿ ಐದು ಲಕ್ಷ ಮೂವತ್ತು ಸಾವಿರ ದಾಟಿದ್ದ ಊರು ಅಂದಿನಿಂದ ಬೆಳೆದದ್ದು ಹೆಚ್ಚಾಗಿ ಹೊರಮುಖವಾಗಿಯೇ. ಹಳೆಯ ಪೇಟೆಯಲ್ಲಿ ಹಗಲಿನ ವ್ಯಾಪಾರ ಉಳಿಯಿತು, ವಾಸ ತೆಳುವಾಯಿತು. ಅಂಗಡಿಗಳ ಮೇಲಿನ ಮನೆಗಳು ಒಂದೊಂದಾಗಿ ಗೋದಾಮುಗಳಾದವು, ಮಕ್ಕಳು ಆಡುತ್ತಿದ್ದ ಓಣಿಗಳಲ್ಲಿ ಸರಕಿನ ಟೆಂಪೊಗಳು ನಿಂತವು. ಶಟರ್ ಇಳಿದ ಮೇಲೆ ಜನರೇ ಇಲ್ಲದ ಬೀದಿಯಲ್ಲಿ ಸಂಜೆಯ ಗಿರಾಕಿಯೂ ನಿಲ್ಲುವುದಿಲ್ಲ.

ಹೋಟೆಲುಗಳಿಗೆ ಬೇಡಿಕೆ ಇರುವುದು ನಿಜ. ಬೀದರ, ಯಾದಗಿರಿ, ರಾಯಚೂರು, ವಿಜಯಪುರಗಳಿಂದ ಹೈಕೋರ್ಟ್ ಪೀಠಕ್ಕೆ ಬರುವ ವಕೀಲರು ಮತ್ತು ಕಕ್ಷಿದಾರರು, ತೊಗರಿಯ ಸುಗ್ಗಿಯಲ್ಲಿ ನೆಹರು ಗಂಜಿಗೂ ದಾಲ್ ಮಿಲ್ಲುಗಳಿಗೂ ಬರುವ ಪರಊರಿನ ಖರೀದಿದಾರರು, ಹೋಳಿಯ ನಂತರ ಶರಣಬಸವೇಶ್ವರರ ಜಾತ್ರೆಗೂ ಖ್ವಾಜಾ ಬಂದೇನವಾಜರ ಉರುಸಿಗೂ ಸೇರುವ ಭಕ್ತರು, ಗಾಣಗಾಪುರಕ್ಕೆ ಹೋಗುವ ಮುನ್ನ ಇಲ್ಲಿ ತಂಗುವ ಯಾತ್ರಿಕರು ಎಲ್ಲರಿಗೂ ಕೊಠಡಿ ಬೇಕು. ಇವರೆಲ್ಲರಿಗಿಂತ ಹೆಚ್ಚು ದಿನ ಉಳಿಯುವವರು ಆಸ್ಪತ್ರೆಗಳಲ್ಲಿ ಮಲಗಿರುವ ರೋಗಿಗಳ ಕಡೆಯವರು. ಜಿಲ್ಲಾ ಆಸ್ಪತ್ರೆ, ಇಎಸ್‌ಐ ಆಸ್ಪತ್ರೆ, 2024ರ ಕೊನೆಯಲ್ಲಿ ಆರಂಭವಾದ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ, ಇಲ್ಲೆಲ್ಲ ಹಳ್ಳಿಯಿಂದ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದವರು ವಾರಗಟ್ಟಲೆ ಇರಬೇಕಾಗುತ್ತದೆ. ದುಬಾರಿ ಕೊಠಡಿ, ಮದುವೆ ಹಾಲ್‌ಗಳಿರುವ ಹೋಟೆಲಿಗೆ ಅವರು ಕಾಲಿಡಲಾರರು. ಈ ಊರಿಗೆ ಬ್ಯಾಂಕ್ವೆಟ್ ಹಾಲ್‌ಗಳಿಗಿಂತ ಸ್ವಚ್ಛವಾದ, ಮಧ್ಯಮ ದರದ ಲಾಡ್ಜುಗಳ ಅಗತ್ಯವೇ ಹೆಚ್ಚು ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಅಂಥ ಲಾಡ್ಜಿನಲ್ಲಿ ಉಳಿದವರು ಊಟಕ್ಕೆ ಖಾನಾವಳಿಗೂ, ಔಷಧಕ್ಕೆ ಮೆಡಿಕಲ್ ಅಂಗಡಿಗೂ, ಟವೆಲು ಲುಂಗಿಗೆ ನಿಮ್ಮಲ್ಲಿಗೂ ನಡೆದೇ ಬರುತ್ತಾರೆ; ಊಟ, ಖರೀದಿ ಎಲ್ಲವನ್ನೂ ಒಳಗೇ ಮುಗಿಸಿಕೊಡುವ ಹೋಟೆಲಿನ ಅತಿಥಿ ಕಾರಿನಿಂದ ಇಳಿದು ಕಾರನ್ನೇ ಹತ್ತಿ ಹೋಗುತ್ತಾನೆ.

ಮನೆಗಳ ಲೆಕ್ಕ ಬೇರೆ. ನಲವತ್ತು ಸಂಸಾರಗಳಿರುವ ಒಂದು ಕಟ್ಟಡ ಬಂದರೆ ಹಾಲು, ತರಕಾರಿ, ಇಸ್ತ್ರಿ, ಶಾಲೆಯ ಸಮವಸ್ತ್ರ, ಹಬ್ಬದ ಬಟ್ಟೆ ಎಲ್ಲಕ್ಕೂ ಪ್ರತಿದಿನದ ಗಿರಾಕಿ ಬೀದಿಯಲ್ಲೇ ಹುಟ್ಟುತ್ತಾನೆ. ಆದ್ದರಿಂದ ನಡುಪೇಟೆಯಲ್ಲಿ ಹೋಟೆಲಿಗಿಂತ ವಾಸದ ಮನೆಗಳು ಹೆಚ್ಚಲಿ ಎಂದೇ ನಾವು ಬಯಸುತ್ತೇವೆ.

ಇನ್ನು ನೆಲಮಹಡಿಯ ವಿಷಯ. ಚೌಕ್ ಅಥವಾ ಕಿರಾಣಾ ಬಜಾರಿನ ಹಳೆಯ ಅಂಗಡಿಯನ್ನು ಒಮ್ಮೆ ಗಮನವಿಟ್ಟು ನೋಡಿ. ರಸ್ತೆಗಿಂತ ಎರಡು ಮೆಟ್ಟಿಲು ಎತ್ತರದಲ್ಲಿ ಶಹಾಬಾದ್ ಫರ್ಸಿ ಹಾಸಿದ ಕಟ್ಟೆ, ಅದರ ಮೇಲೆ ಮುಂದಕ್ಕೆ ಚಾಚಿದ ತಗಡಿನ ನೆರಳು. ದಾರಿಹೋಕ ಹೆಂಗಸೊಬ್ಬಳು ಕೈಚೀಲವನ್ನು ಆ ಕಟ್ಟೆಯ ಮೇಲಿಟ್ಟು ಉಸಿರು ಬಿಡುವಷ್ಟರಲ್ಲಿ ಒಳಗಿನಿಂದ ‘ಬರ್ರಿ ಅಕ್ಕಾರ’ ಎಂಬ ಕರೆ ಬರುತ್ತದೆ, ವ್ಯಾಪಾರ ಶುರುವಾಗುತ್ತದೆ. ಬಿಸಿಲು ನಲವತ್ತೆರಡು ಡಿಗ್ರಿ ದಾಟುವ ಮೇ ತಿಂಗಳಿನಲ್ಲಿ ಇಂಥ ನೆರಳುಗಳು ಒಂದಕ್ಕೊಂದು ಸೇರಿಕೊಂಡಿದ್ದರೆ ಮಾತ್ರ ಜನ ಪೇಟೆಯಲ್ಲಿ ನಡೆಯಬಲ್ಲರು. ಆ ಜಾಗದಲ್ಲಿ ಕಾಂಪೌಂಡ್ ಗೋಡೆ, ಕಬ್ಬಿಣದ ಗೇಟು, ಅದರ ಹಿಂದೆ ಕಂಬಗಳ ನಡುವಿನ ಕಾರು ನಿಲುಗಡೆ ಬಂದರೆ ಅಷ್ಟು ಉದ್ದ ಬೀದಿ ಸತ್ತಂತೆಯೇ. ಅಂಥ ನಾಲ್ಕು ಕಟ್ಟಡಗಳು ಸಾಲಾಗಿ ಬಂದರೆ ನಡುವೆ ಉಳಿದ ನಿಮ್ಮ ಅಂಗಡಿಯತನಕ ಯಾರೂ ನಡೆದು ಬರಲಾರರು. ಗೋಡೆಗಳ ಆಸರೆಯಿಲ್ಲದೆ ಬರೀ ಕಂಬಗಳ ಮೇಲೆ ನಿಂತ ನೆಲಮಹಡಿ ಭೂಕಂಪಕ್ಕೂ ದುರ್ಬಲ. 2001ರ ಭುಜ್ ಭೂಕಂಪದಲ್ಲಿ ಅಹಮದಾಬಾದಿನ ಅನೇಕ ಅಪಾರ್ಟ್‌ಮೆಂಟುಗಳು ಕುಸಿದದ್ದಕ್ಕೆ ಇದು ಮುಖ್ಯ ಕಾರಣವಾಗಿತ್ತು, ಮತ್ತು 1993ರ ಕಿಲ್ಲಾರಿಯ ಕಂಪನವನ್ನು ನಮ್ಮ ಭಾಗದ ಹಿರಿಯರು ಇನ್ನೂ ಮರೆತಿಲ್ಲ.

ನೀವು ಖಾಲಿ ಮಾಡಬೇಕೇ ಎಂಬುದು ನಿಮ್ಮ ಕರಾರಿನ ಮೇಲೆ ನಿಂತಿದೆ. 1999ರ ಕರ್ನಾಟಕ ಬಾಡಿಗೆ ಅಧಿನಿಯಮದ ರಕ್ಷಣೆ ವ್ಯಾಪಾರಿ ಮಳಿಗೆಗಳ ಪೈಕಿ 14 ಚದರ ಮೀಟರ್ ಮೀರದವುಗಳಿಗಷ್ಟೇ ಇದೆ, ಬಾಡಿಗೆಯ ಮೊತ್ತಕ್ಕೂ ಮಿತಿಯಿದೆ. ಅದಕ್ಕಿಂತ ದೊಡ್ಡ ಮಳಿಗೆಯಾದರೆ ಕರಾರು ಪತ್ರವೇ ಆಧಾರ. ‘ಹೊಸ ಕಟ್ಟಡದಾಗ ನಿಮಗೊಂದು ಮಳಿಗಿ ಇದ್ದೇ ಇರ್ತದ’ ಎಂಬ ಬಾಯಿಮಾತನ್ನು, ಹೇಳಿದವರು ಎಷ್ಟೇ ಆಪ್ತರಾಗಿದ್ದರೂ, ನೆಚ್ಚಬೇಡಿ. ಯಾವ ಮಹಡಿ, ಎಷ್ಟು ಅಳತೆ, ಎಷ್ಟು ಬಾಡಿಗೆ, ಕಟ್ಟುವ ಅವಧಿಯಲ್ಲಿ ಪರ್ಯಾಯ ಜಾಗ ಎಲ್ಲಿ ಎಂಬುದನ್ನು ಬರೆಸಿ, ನೋಂದಣಿ ಮಾಡಿಸಿದ ಮೇಲೆಯೇ ಕೀಲಿಕೈ ಕೊಡಿ.

ಪ್ರಶ್ನೆ: ಬ್ರಹ್ಮಪುರದಲ್ಲಿ ನಮ್ಮ ಅಜ್ಜನ ಕಾಲದ ವಾಡೆ ಇದೆ. ನಾವು ನಾಲ್ವರು ಅಣ್ಣತಮ್ಮಂದಿರು, ಒಬ್ಬ ತಂಗಿ. ಬಿಲ್ಡರ್ ಒಬ್ಬರು ಜಂಟಿ ಅಭಿವೃದ್ಧಿಗೆ, ಅಂದರೆ ಜಾಗ ನಮ್ಮದು, ಕಟ್ಟುವುದು ಅವರು, ಮನೆಗಳಲ್ಲಿ ಇಬ್ಬರಿಗೂ ಪಾಲು ಎಂಬ ಒಪ್ಪಂದಕ್ಕೆ, ಕೇಳುತ್ತಿದ್ದಾರೆ. ಏನನ್ನು ನೋಡಬೇಕು?
– ನಿವೃತ್ತ ಶಿಕ್ಷಕರು

ಉತ್ತರ: ಮೊದಲು ನಿಮ್ಮ ಮನೆಯ ಕಾಗದಗಳನ್ನು ಸರಿಮಾಡಿಕೊಳ್ಳಿ. ಖಾತೆ ಇನ್ನೂ ಅಜ್ಜನವರ ಹೆಸರಿನಲ್ಲಿದ್ದರೆ ವಾರಸಾ ಬದಲಾವಣೆಯಾಗಿ ಇ-ಖಾತೆ ಆಗಬೇಕು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ನಿಮ್ಮ ತಂಗಿಯವರ ಒಪ್ಪಿಗೆಯನ್ನು ಕೊನೆಗಳಿಗೆಯ ಸಹಿಯ ವಿಷಯವೆಂದು ಭಾವಿಸದೆ ಮೊದಲ ಮಾತುಕತೆಯಲ್ಲಿಯೇ ಅವರನ್ನು ಕೂರಿಸಿಕೊಳ್ಳಿ.

ಒಪ್ಪಂದದಲ್ಲಿ ನಿಮ್ಮ ಪಾಲು ಶೇಕಡಾ ಎಷ್ಟು ಎಂಬುದೊಂದೇ ಸಾಲದು. ಯಾವ ಮಹಡಿಯ ಯಾವ ಮುಖದ ಮನೆಗಳು, ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಕೆಗೆ ಸಿಗುವ ನೆಲ) ಎಷ್ಟು, ನೆಲಮಹಡಿಯ ಮಳಿಗೆಗಳಲ್ಲಿ ನಿಮಗೆ ಪಾಲುಂಟೋ ಇಲ್ಲವೋ, ಕೆಲಸ ಅರ್ಧಕ್ಕೆ ನಿಂತರೆ ಜಾಗ ಮರಳಿ ನಿಮ್ಮ ಕೈಗೆ ಬರುವುದು ಹೇಗೆ ಎಂಬುದೆಲ್ಲ ಬರಹದಲ್ಲಿರಲಿ. ಬಿಲ್ಡರಿಗೆ ಕೊಡುವ ಅಧಿಕಾರ ಪತ್ರದಲ್ಲಿ ಅವರ ಪಾಲಿನ ಮನೆಗಳನ್ನು ಮಾರುವ ಅಧಿಕಾರ ಮಾತ್ರ ಇರಲಿ, ನಿಮ್ಮ ಪಾಲಿನ ಮೇಲೆ ಸಾಲ ಎತ್ತುವ ಅಧಿಕಾರ ಖಂಡಿತ ಬೇಡ. ಒಪ್ಪಂದ ನೋಂದಣಿಯಾಗಿದ್ದರೆ ವ್ಯಕ್ತಿಗಳಿಗೂ ಅವಿಭಕ್ತ ಕುಟುಂಬಕ್ಕೂ ಬಂಡವಾಳ ಲಾಭದ ತೆರಿಗೆ ಸಾಮಾನ್ಯವಾಗಿ ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕ ವರ್ಷದಲ್ಲಿ ಬರುತ್ತದೆ; ಅದಕ್ಕೆ ಮೊದಲೇ ನಿಮ್ಮ ಪಾಲನ್ನು ಮಾರಿದರೆ ಈ ಅನುಕೂಲ ತಪ್ಪುತ್ತದೆ.

ವಾಡೆಯನ್ನು ಕೆಡವುವ ಮುನ್ನ ಇನ್ನೊಂದು ಯೋಚನೆ ಮಾಡಿ. ದಪ್ಪ ಗೋಡೆ, ನಡುವಿನ ಅಂಗಳ, ತೊಲೆ ಜಂತಿಯ ಮಾಳಿಗೆ ಇನ್ನೂ ಗಟ್ಟಿಯಾಗಿದ್ದರೆ ಮುಂಭಾಗವನ್ನು ಉಳಿಸಿ, ಹಿಂದಿನ ಹಿತ್ತಿಲಿನಲ್ಲಿ ಮಾತ್ರ ಮನೆಗಳನ್ನು ಕಟ್ಟಲು ಸಾಧ್ಯವೇ ಎಂದು ವಾಸ್ತುಶಿಲ್ಪಿಯೊಬ್ಬರನ್ನು ಕೇಳಿ ನೋಡಿ. ಫ್ಲಾಟುಗಳ ಸಂಖ್ಯೆ ಕಡಿಮೆಯಾದೀತು. ಆದರೆ ಬೇಸಿಗೆಯಲ್ಲಿ ತಂಪಾಗಿರುವ ಅಂಥ ಮುಂಭಾಗ ಸಣ್ಣ ವಸತಿಗೃಹಕ್ಕೋ ಖಾನಾವಳಿಗೋ ಚೆನ್ನಾಗಿ ಒದಗುತ್ತದೆ.

ಪ್ರಶ್ನೆ: ಶಹಾ ಬಜಾರಿನ ಹತ್ತಿರ ಕಟ್ಟುತ್ತಿರುವ ಆರು ಮನೆಗಳ ಅಪಾರ್ಟ್‌ಮೆಂಟಿನಲ್ಲಿ ಫ್ಲಾಟ್ ಕೊಳ್ಳಬೇಕೆಂದಿದ್ದೇವೆ. ಇದಕ್ಕೆ ರೇರಾ ನೋಂದಣಿ ಬೇಡವೆಂದು ಹೇಳುತ್ತಾರೆ. ನಿಜವೇ?
– ಬ್ಯಾಂಕ್ ಉದ್ಯೋಗಿ

ಉತ್ತರ: ನಿಜ. ರೇರಾ ಎಂದು ಕರೆಯುವ 2016ರ ರಿಯಲ್ ಎಸ್ಟೇಟ್ ಕಾಯ್ದೆಯಲ್ಲಿ 500 ಚದರ ಮೀಟರ್ ಮೀರದ ಜಾಗದ ಅಥವಾ ಎಂಟು ಮೀರದ ಮನೆಗಳ ಯೋಜನೆಗಳಿಗೆ ನೋಂದಣಿಯಿಂದ ವಿನಾಯಿತಿ ಇದೆ. ಹಳೆಯ ಊರಿನ ನಿವೇಶನಗಳು ಚಿಕ್ಕವಾದ್ದರಿಂದ ಇಲ್ಲಿಯ ಬಹಳಷ್ಟು ಕಟ್ಟಡಗಳು ಈ ವಿನಾಯಿತಿಯೊಳಗೇ ಬೀಳುತ್ತವೆ, ಮತ್ತು ಹೆಚ್ಚು ಎಚ್ಚರ ಬೇಕಾದ ಕಡೆಯೇ ಕಾನೂನಿನ ಆಸರೆ ತೆಳುವಾಗಿದೆ ಎಂಬುದು ಕಳವಳದ ಸಂಗತಿ. ನೋಂದಾಯಿತ ಯೋಜನೆಯಲ್ಲಾದರೆ ಖರೀದಿದಾರರ ಹಣದ ಶೇಕಡಾ 70ರಷ್ಟನ್ನು ಆ ಕಟ್ಟಡಕ್ಕೆಂದೇ ಪ್ರತ್ಯೇಕ ಖಾತೆಯಲ್ಲಿಡಬೇಕು, ಮಾರಾಟದ ಕರಾರು ನೋಂದಣಿಯಾಗದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯಬಾರದು, ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಾಣಿಸಿಕೊಂಡ ರಚನಾ ದೋಷವನ್ನು ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಇವೇ ಷರತ್ತುಗಳನ್ನು ನಿಮ್ಮ ಕರಾರಿನಲ್ಲಿ ನೀವೇ ಬರೆಸಿಕೊಳ್ಳಿ, ಒಪ್ಪದವರಿಂದ ಕೊಳ್ಳಬೇಡಿ.

ಪಾಲಿಕೆ ಮಂಜೂರು ಮಾಡಿದ ನಕ್ಷೆಯನ್ನು ಕೈಯಲ್ಲಿ ಹಿಡಿದು ಸ್ಥಳದಲ್ಲಿ ನಿಂತು ಮಹಡಿಗಳನ್ನು ಎಣಿಸಿ, ಸೆಟ್‌ಬ್ಯಾಕನ್ನು (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಟೇಪಿನಿಂದ ಅಳೆಯಿರಿ. ತಳಪಾಯದ ಬಗೆಗೂ ಕೇಳಿ. ನಮ್ಮ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯ ಅದನ್ನು ದಾಟಿ ಗರಸು ಅಥವಾ ಬಂಡೆಯನ್ನು ಮುಟ್ಟದಿದ್ದರೆ ಕೆಲವೇ ವರ್ಷಗಳಲ್ಲಿ ಗೋಡೆಗಳಲ್ಲಿ ಓರೆಯಾದ ಬಿರುಕುಗಳು ಕಾಣುತ್ತವೆ. ಊರಿಗೆ ಭೀಮಾ ಮತ್ತು ಬೆಣ್ಣೆತೊರೆಗಳಿಂದ ನೀರು ಬಂದರೂ ಏಪ್ರಿಲ್ ಮೇ ತಿಂಗಳುಗಳಲ್ಲಿ ಆ ಓಣಿಗೆ ಟ್ಯಾಂಕರ್ ಬರುತ್ತದೆಯೇ ಎಂದು ಪಕ್ಕದ ಮನೆಯವರನ್ನು ವಿಚಾರಿಸಿ. ಕಟ್ಟಡ ವಾಸಕ್ಕೆ ಯೋಗ್ಯವೆಂದು ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ ಇಲ್ಲದೆ ಗೃಹಪ್ರವೇಶ ಮಾಡಬೇಡಿ.

ಪ್ರಶ್ನೆ: ಕೋಟೆಯ ಹತ್ತಿರ ನಮ್ಮದೊಂದು ನಿವೇಶನವಿದೆ. ಅಲ್ಲಿ ಪ್ರವಾಸಿಗರಿಗಾಗಿ ಹೋಟೆಲು ಕಟ್ಟಬಹುದೇ?
– ಓದುಗರು, ಕಲಬುರಗಿ

ಉತ್ತರ: ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಿತ ಸ್ಮಾರಕ. ಸಂರಕ್ಷಿತ ಗಡಿಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಗಿನ 200 ಮೀಟರುಗಳಲ್ಲಿ ಕಟ್ಟಬೇಕಾದರೆ ಮೊದಲೇ ಅನುಮತಿ ಪಡೆಯಬೇಕು. 2010ರ ತಿದ್ದುಪಡಿಯ ನಂತರ ಈ ನಿಯಮ ಬಿಗಿಯಾಗಿದೆ, ಪಾಲಿಕೆಯ ಪರವಾನಗಿ ಇದಕ್ಕೆ ಬದಲಿಯಾಗದು. ನಿವೇಶನ ನಿಷೇಧದ ಗಡಿಯೊಳಗಿದ್ದರೆ ಹಣ ಹೂಡಬೇಡಿ. ಕೋಟೆಯೊಳಗಿನ 1367ರ ಜಾಮಿ ಮಸೀದಿ ತೆರೆದ ಅಂಗಳವಿಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿಕೊಂಡಿರುವ ಅಪರೂಪದ ಕಟ್ಟಡ; ಕೋಟೆ ಸೇರಿದಂತೆ ಇಲ್ಲಿಯ ಬಹಮನಿ ಸ್ಮಾರಕಗಳು 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿವೆ. ಅವುಗಳ ನೋಟಕ್ಕೆ ಅಡ್ಡವಾಗಿ ಏಳುವ ಹೋಟೆಲು ತನ್ನ ಅತಿಥಿಗಳು ಯಾವುದನ್ನು ನೋಡಲು ಬರುತ್ತಾರೋ ಅದನ್ನೇ ಕೆಡಿಸುತ್ತದೆ.

ಪ್ರಶ್ನೆ: ನಾನು ಹಣ್ಣಿನ ಬಂಡಿ ಇಟ್ಟು ಸಂಸಾರ ನಡೆಸುವವಳು. ಎದುರಿಗೆ ದೊಡ್ಡ ಹೋಟೆಲು ಬರುತ್ತಿದೆ, ಬಂಡಿ ತೆಗೆಯಿರಿ ಎನ್ನುತ್ತಿದ್ದಾರೆ. ನಾವು ಎಲ್ಲಿಗೆ ಹೋಗಬೇಕು?
– ಜಗತ್ ವೃತ್ತದ ಹತ್ತಿರದ ವ್ಯಾಪಾರಿ (ಮಗ ಬರೆದ ಪತ್ರ)

ಉತ್ತರ: ಅಮ್ಮಾ, ಹೋಟೆಲಿನವರ ಮಾತಿಗೆ ನೀವು ಬಂಡಿ ತೆಗೆಯಬೇಕಾಗಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಊರಿನ ಬೀದಿ ವ್ಯಾಪಾರಿಗಳ ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರಗಳನ್ನು ಹಂಚುವತನಕ ಯಾವ ಬೀದಿ ವ್ಯಾಪಾರಿಯನ್ನೂ ಎಬ್ಬಿಸುವಂತಿಲ್ಲ. ಆ ನಂತರವೂ ಸ್ಥಳ ಬದಲಿಸಬೇಕಾದರೆ ಸ್ಥಳೀಯ ಸಂಸ್ಥೆ 30 ದಿನಗಳ ನೋಟಿಸ್ ಕೊಡಬೇಕು. ಈ ವಿಷಯಗಳನ್ನು ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರಿರಬೇಕು. ಮಗನಿಗೆ ಹೇಳಿ ನಿಮ್ಮ ಗುರುತಿನ ಚೀಟಿ, ಪಾಲಿಕೆಗೆ ಶುಲ್ಕ ಕಟ್ಟಿದ ರಸೀದಿಗಳು, ಬಂಡಿಯೊಂದಿಗೆ ನಿಂತ ಹಳೆಯ ಫೋಟೊ ಇದ್ದರೆ ಅದನ್ನೂ ಒಂದೆಡೆ ಸೇರಿಸಿಡಿ. ಅಕ್ಕಪಕ್ಕದ ಬಂಡಿಯವರನ್ನು ಜೊತೆಗೆ ಕರೆದುಕೊಂಡು ಪಾಲಿಕೆಗೆ ಹೋಗಿ, ನಿಮ್ಮ ಹೆಸರು ಸಮೀಕ್ಷೆಯ ಪಟ್ಟಿಯಲ್ಲಿದೆಯೇ ಎಂದು ಕೇಳಿ. ಇಲ್ಲದಿದ್ದರೆ ಸೇರಿಸಬೇಕೆಂದು ಎಲ್ಲರೂ ಸಹಿ ಮಾಡಿದ ಅರ್ಜಿ ಕೊಟ್ಟು, ಅದರ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.