2 ಲೀಟರ್ ಅಂದ್ರೆ 2 ಲೀಟರೇ
(ಓದುಗರ ಪ್ರಶ್ನೆ – ನಮ್ಮ ಉತ್ತರ)

ಪ್ರಶ್ನೆ: ನಮ್ಮದು ಶಿಡ್ಲಘಟ್ಟ. ಅಪ್ಪನಿಗೆ 68 ವರ್ಷ. ಜೀವನವೆಲ್ಲಾ ಫಿಲೇಚರ್‌ನಲ್ಲಿ ರೇಷ್ಮೆ ನೂಲು ಬಿಚ್ಚಿದವರು, ಬೀಡಿ ಬೇರೆ. ಈಗ ಸಿಒಪಿಡಿ (ಶ್ವಾಸಕೋಶದ ಗಾಳಿದಾರಿ ಕಿರಿದಾಗುವ ದೀರ್ಘಕಾಲದ ಕಾಯಿಲೆ). ಮನೆಗೆ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಮಷಿನ್) ಬಾಡಿಗೆಗೆ ತಂದಿದ್ದೇವೆ. ಡಾಕ್ಟರು ನಿಮಿಷಕ್ಕೆ 2 ಲೀಟರ್ ಇಡಿ ಅಂದರು. ಆದರೆ ಆಕ್ಸಿಮೀಟರ್ 90 ದಾಟುವುದೇ ಇಲ್ಲ. ಭಯವಾಗಿ ರಾತ್ರಿ 4ಕ್ಕೆ ಏರಿಸುತ್ತೇನೆ, 97 ಬರುತ್ತದೆ. ಬೆಳಿಗ್ಗೆ ಎದ್ದರೆ ತಲೆನೋವು ಅಂತಾರೆ, ಕೂತಲ್ಲೇ ತೂಕಡಿಸುತ್ತಾರೆ. ಮಷಿನ್ ಕೆಟ್ಟಿದೆಯಾ?

ಉತ್ತರ: ಮಷಿನ್ ಕೆಟ್ಟಂತೆ ಕಾಣುವುದಿಲ್ಲ. ಅನುಮಾನ ನೀವು ಏರಿಸಿದ ಆ 2 ಲೀಟರ್ ಮೇಲೆ. ಕೊರೊನಾ ಕಾಲದಲ್ಲಿ ನಾವೆಲ್ಲಾ 94 ಅನ್ನೋ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡೆವು, ಅದಕ್ಕಿಂತ ಕೆಳಗೆ ಬಂದರೆ ಎದೆ ಧಸಕ್ ಅನ್ನುತ್ತದೆ. ಆದರೆ ಸಿಒಪಿಡಿ ಇದ್ದವರಿಗೆ ಡಾಕ್ಟರುಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿಯೇ 88ರಿಂದ 92. ಅಂದರೆ ನಿಮ್ಮಪ್ಪನ 90 ಸರಿಯಾದ ಜಾಗದಲ್ಲೇ ಇತ್ತು.

ಇವರಲ್ಲಿ ಕೆಲವರಿಗೆ ಆಕ್ಸಿಜನ್ ಜಾಸ್ತಿಯಾದರೆ, ಉಸಿರಿನ ಜೊತೆ ಹೊರಗೆ ಹೋಗಬೇಕಾದ ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲೇ ಉಳಿಯತೊಡಗುತ್ತದೆ. ಬೆಳಿಗ್ಗೆ ತಲೆನೋವು, ಮಂಪರು, ಕೈ ನಡುಕ ಎಲ್ಲಾ ಅದರ ಲಕ್ಷಣ. ಬೆರಳಿನ ಆಕ್ಸಿಮೀಟರಿಗೆ ಇದು ಗೊತ್ತೇ ಆಗುವುದಿಲ್ಲ, ಅದು ಆಕ್ಸಿಜನ್ ಒಂದನ್ನೇ ಅಳೆಯುತ್ತದೆ, ಆದ್ದರಿಂದ 97 ನೋಡಿ ನೀವು ನೆಮ್ಮದಿಯಾಗಿ ಮಲಗಿರುತ್ತೀರಿ, ಅಪ್ಪ ಮಾತ್ರ ಒಳಗೊಳಗೇ ಮಂಕಾಗುತ್ತಿರುತ್ತಾರೆ. ಇನ್ನೊಂದು ಮುದ್ದೆ ಹಾಕ್ಲಾ ಅಂತ ಬಡಿಸಿದ ಹಾಗೆ ಆಕ್ಸಿಜನ್ ಬಡಿಸಬಾರದು. ಅದು ಔಷಧಿ, ಲೀಟರ್ ಅಂದರೆ ಅದರ ಡೋಸು.

ಈಗಲೇ ಮತ್ತೆ 2ಕ್ಕೆ ಇಳಿಸಿ. ಗಾಬರಿಯಲ್ಲಿ ಪೂರ್ತಿ ಆಫ್ ಮಾಡಬೇಡಿ, ಅದೂ ಅಪಾಯ. ಇವತ್ತೇ ಡಾಕ್ಟರಿಗೆ ತೋರಿಸಿ, ರಾತ್ರಿ 4 ಇಟ್ಟಿದ್ದೆ ಅಂತ ಮುಚ್ಚಿಡದೆ ಹೇಳಿ. ಮಣಿಕಟ್ಟಿನಿಂದ ರಕ್ತ ತೆಗೆದು ಎಬಿಜಿ ಪರೀಕ್ಷೆ (ರಕ್ತದಲ್ಲಿನ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಎರಡನ್ನೂ ಅಳೆಯುವುದು) ಮಾಡಿದರೆ ನಿಜ ಗೊತ್ತಾಗುತ್ತದೆ. ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ ಕಾಯುವುದು ಬೇಡ, 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಶಿರಾ ಹತ್ತಿರದ ಹಳ್ಳಿ. ಅತ್ತೆಗೆ ದಿನಾ 15 ಗಂಟೆ ಆಕ್ಸಿಜನ್ ಬೇಕು, 2 ಲೀಟರ್. ಕರೆಂಟ್ ಹೋದರೆ ಮಷಿನ್ ತಕ್ಷಣ ನಿಂತುಹೋಗುತ್ತದೆ. ಸಿಲಿಂಡರ್ ತಂದಿಟ್ಟರೆ ಎಷ್ಟು ಹೊತ್ತು ಬರುತ್ತೆ?

ಉತ್ತರ: ಕಾನ್ಸಂಟ್ರೇಟರ್ ಒಳಗೆ ಗ್ಯಾಸ್ ತುಂಬಿಟ್ಟಿರುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು, ಜಿಯೋಲೈಟ್ ಅನ್ನುವ ಹರಳುಗಳಲ್ಲಿ ಸಾರಜನಕವನ್ನು ಹಿಡಿದಿಟ್ಟುಕೊಂಡು, ಉಳಿದ ಆಕ್ಸಿಜನ್ ಮಾತ್ರ ಕೊಡುತ್ತದೆ. ಅದಕ್ಕೇ ಕರೆಂಟ್ ಹೋದರೆ ಕೆಲಸ ಖತಂ. ಗೋಡೆಗೆ, ಪರದೆಗೆ ಒತ್ತಿಡಬೇಡಿ, ಅದಕ್ಕೂ ಉಸಿರಾಡಲು ಜಾಗ ಬೇಕು ಅಲ್ವಾ. ಹಿಂದಿನ ಸ್ಪಂಜ್ ಫಿಲ್ಟರ್ ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ.

ಲೆಕ್ಕ ಸುಲಭ. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಇರುತ್ತದೆ. ನಿಮಿಷಕ್ಕೆ 2 ಲೀಟರ್ ಅಂದರೆ 750 ನಿಮಿಷ, 12 ಗಂಟೆಗೆ ಮೋಸವಿಲ್ಲ. ದೊಡ್ಡ ಜಂಬೋದಲ್ಲಿ ಸುಮಾರು 7000 ಲೀಟರ್, ಎರಡು ದಿನ ದಾಟುತ್ತದೆ, ಆದರೆ ಅದನ್ನು ಎತ್ತುವುದಕ್ಕೆ ಇಬ್ಬರು ಬೇಕು. ಮೀಟರಿನ ಮುಳ್ಳು ಅರ್ಧಕ್ಕೆ ಬಂದರೆ ಗ್ಯಾಸೂ ಅರ್ಧ ಅಂತಲೇ ತಿಳಿಯಿರಿ, ಖಾಲಿಯಾಗುವ ತನಕ ಕಾಯದೆ ತುಂಬಿಸಲು ಕಳಿಸಿ.

ಸಿಲಿಂಡರಿನ ವಾಲ್ವ್, ರೆಗ್ಯುಲೇಟರ್ ಮುಟ್ಟುವಾಗ ಕೈಯಲ್ಲಿ ಎಣ್ಣೆ ಇರಬಾರದು. ತಲೆಗೆ ಎಣ್ಣೆ ಹಚ್ಚಿ ಹಾಗೇ ಬಂದು ತಿರುಗಿಸುವವರನ್ನು ನೋಡಿದ್ದೇನೆ. ಒತ್ತಡದ ಆಕ್ಸಿಜನ್‌ಗೆ ಎಣ್ಣೆ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಮೂಗು ಒಣಗುತ್ತದೆ ಅಂತ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಸವರುವುದೂ ಬೇಡ. ಮೆಡಿಕಲ್ ಶಾಪಿನಲ್ಲಿ ನೀರಿನ ಅಂಶದ ಜೆಲ್ ಕೇಳಿ. ಪೈಪು ಉದ್ದ ಇದೆ ಅಂತ ಅತ್ತೆ ಅದನ್ನು ಹಾಕಿಕೊಂಡೇ ಒಲೆ ಮುಂದೆ ಕೂರುತ್ತಾರೇನೋ ನೋಡಿ, ನಮ್ಮ ಅಜ್ಜಿಯರನ್ನು ಅಡುಗೆಮನೆಯಿಂದ ದೂರ ಇಡುವುದು ಕಷ್ಟ. ಒಲೆ, ದೀಪ, ಊದುಬತ್ತಿ ಎಲ್ಲವೂ ಕನಿಷ್ಠ 10 ಅಡಿ ದೂರ ಇರಲಿ. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ, ಆದರೆ ಅದು ಸೇರಿದ ಸೀರೆ, ಹೊದಿಕೆಗೆ ಒಂದು ಕಿಡಿ ಸಾಕು.

ಆಕ್ಸಿಜನ್‌ಗೆ ತೇವ ಕೊಡುವ, ಗುಳ್ಳೆ ಬರುವ ಬಾಟ್ಲಿಗೆ ಬೋರ್‌ವೆಲ್ ನೀರು ಹಾಕಿದರೆ ಬಿಳಿ ಪುಡಿ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್, ಸಿಗದಿದ್ದರೆ ಕುದಿಸಿ ಆರಿಸಿದ ನೀರು. ದಿನಾ ಬದಲಿಸಿ.

ಪ್ರಶ್ನೆ: ಕೊರೊನಾ ಸಮಯದಲ್ಲಿ ತಂದ ಮಾಸ್ಕ್, ಚೀಲ ಇರುವುದು, ಹಾಗೇ ಇದೆ. ಮೂಗಿನ ಪೈಪ್ ಬದಲು ಅದನ್ನೇ ಹಾಕಬಹುದಾ? ನಮಗೂ ಹೇಳಿರುವುದು 2 ಲೀಟರ್. (ಮಾಲೂರು)

ಉತ್ತರ: ಬೇಡ. ಮೂಗಿನ ಪೈಪಿಗೆ 1ರಿಂದ 6 ಲೀಟರ್ ಸಾಕು. ಸಾದಾ ಮಾಸ್ಕಿಗೇ ಕನಿಷ್ಠ 5 ಲೀಟರ್ ಬೇಕು, ಇಲ್ಲದಿದ್ದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಾರೆ. ಚೀಲದ ಮಾಸ್ಕಿಗೆ 10ರಿಂದ 15 ಬೇಕು, ಮನೆಯ 5 ಲೀಟರ್ ಮಷಿನ್ನಿಂದ ಆ ಚೀಲ ಉಬ್ಬುವುದೇ ಇಲ್ಲ. ಹೊಸ ಮೂಗಿನ ಪೈಪಿಗೆ ಆಗುವ ಖರ್ಚು ಜಾಸ್ತಿಯೇನಲ್ಲ. ಗಾಳಿ ಬರುತ್ತಿದೆಯಾ ಅಂತ ಅನುಮಾನ ಬಂದರೆ ಅದರ ತುದಿಯನ್ನು ಒಂದು ಲೋಟ ನೀರಿನಲ್ಲಿ ಅದ್ದಿ, ಗುಳ್ಳೆ ಬಂದರೆ ಬರುತ್ತಿದೆ, ಒರೆಸಿ ಹಾಕಿಕೊಳ್ಳಿ.