ಒಬ್ಬಳೇ ಮಾಡಿದ ಕಿರುಚಿತ್ರ, ಬರೆಯಲಾಗದ ಅವಲೋಕನ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಿನಿಮಾ ವಿಭಾಗದ ಕೊನೆಯ ವರ್ಷದ ವಿದ್ಯಾರ್ಥಿನಿ. 11 ನಿಮಿಷದ ಕಿರುಚಿತ್ರ ಮುಗಿದಿತ್ತು, ಅದರ ಜೊತೆ ಕೊಡಬೇಕಿದ್ದ 1,500 ಪದಗಳ ಅವಲೋಕನ ಬರಹ (ಚಿತ್ರ ಮಾಡಿದ ಬಗೆಯನ್ನು ತಾನೇ ಹಿಂತಿರುಗಿ ನೋಡಿ ಬರೆಯುವುದು) ಮುಗಿದಿರಲಿಲ್ಲ. ಚಿತ್ರಕಥೆ, ಕ್ಯಾಮೆರಾ, ಧ್ವನಿಗ್ರಹಣ, ಸಂಕಲನ ಎಲ್ಲ ಆಕೆಯದೇ. ಎರಡು ಪಾತ್ರಗಳಲ್ಲಿ ಒಂದನ್ನು ಮಾಡಿದವಳೂ ಆಕೆಯೇ. ಸಲ್ಲಿಕೆಗೆ 12 ದಿನ ಬಾಕಿ ಇದ್ದಾಗ ಸಲಹೆ ಕೇಳಿ ನಮ್ಮಲ್ಲಿಗೆ ಬಂದಳು. ಕೈಯಲ್ಲಿದ್ದ ಒಂದೂವರೆ ಪುಟದ ಕರಡಿನಲ್ಲಿ ‘ನನ್ನಿಂದಾಗಲಿಲ್ಲ’ ಎಂಬ ಮಾತು ಒಂಬತ್ತು ಸಲ ಇತ್ತು. ಲೆನ್ಸ್, ಮೈಕ್, ಬೆಳಕು ಎಂಬ ಪದಗಳು ಒಮ್ಮೆಯೂ ಇರಲಿಲ್ಲ.

ಮೊದಲ ಭೇಟಿಯಲ್ಲಿ ಬರಹದ ಮಾತೇ ಎತ್ತಲಿಲ್ಲ. ಐದು ವಾರದಿಂದ ರಾತ್ರಿಗೆ ನಾಲ್ಕು ಗಂಟೆ ನಿದ್ದೆ. ಬದುಕು ಬೇಡವೆನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳಲಾಯಿತು, ಇಲ್ಲ ಎಂದಳು. (ಈ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಿದರೆ ಉತ್ತರವೂ ಸುತ್ತಿ ಬಳಸಿಯೇ ಬರುತ್ತದೆ.) ದಿನಕ್ಕೆ ಹತ್ತಾರು ಸಲ ಟೈಮ್‌ಲೈನ್ (ಸಂಕಲನಕ್ಕೆ ಶಾಟ್‌ಗಳನ್ನು ಸಾಲಾಗಿ ಜೋಡಿಸಿದ ಪಟ್ಟಿ) ತೆರೆದು ಕೆಟ್ಟ ಜಾಗಗಳನ್ನಷ್ಟೇ ಓಡಿಸಿ ನೋಡುತ್ತಿದ್ದಳು. ಹಾಗೆ ನೋಡಿದವರಿಗೆ ಚಿತ್ರ ಕಾಣುವುದಿಲ್ಲ, ತಪ್ಪುಗಳಷ್ಟೇ ಕಾಣುತ್ತವೆ. ಕೊಟ್ಟ ಸಲಹೆ ಇಷ್ಟು: ಮೂರು ರಾತ್ರಿ ಕಂಪ್ಯೂಟರ್ ಹತ್ತಕ್ಕೆ ಬಂದ್. ಚಿತ್ರವನ್ನು ದಿನಕ್ಕೊಮ್ಮೆ ಮಾತ್ರ, ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಲ್ಲ, ಎಕ್ಸ್‌ಪೋರ್ಟ್ ಮಾಡಿದ ಫೈಲ್ ಹಾಕಿಕೊಂಡು, ಮೌಸ್ ಮುಟ್ಟದೆ, ಮೊದಲಿಂದ ಕೊನೆಯವರೆಗೆ ನೋಡುವುದು. ತಪ್ಪು ಕಂಡಲ್ಲಿ ಟೈಮ್‌ಕೋಡ್ (ಅದು ಎಷ್ಟನೆಯ ನಿಮಿಷ, ಸೆಕೆಂಡ್ ಎಂಬುದು) ಬರೆದಿಡುವುದು, ಪಕ್ಕದಲ್ಲಿ ಬೈಗುಳ ಬೇಡ.

ಎರಡನೆಯ ಭೇಟಿಗೆ 23 ಟೈಮ್‌ಕೋಡ್‌ಗಳ ಜೊತೆ ಬಂದಳು. ಪ್ರತಿಯೊಂದಕ್ಕೂ ಕೇಳಿದ ಪ್ರಶ್ನೆ ಒಂದೇ: ಆ ಹೊತ್ತಿನಲ್ಲಿ ಯಾವ ಕೆಲಸಕ್ಕೆ ಯಾರೂ ಇರಲಿಲ್ಲ?

ಎರಡು ದೃಶ್ಯಗಳಲ್ಲಿ ಮುಖ ಮಸುಕಾಗಿ, ಹಿಂದಿನ ಕಿಟಕಿಯ ಪರದೆ ಚೂಪಾಗಿತ್ತು. ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ, 50 ಮಿ.ಮೀ. ಲೆನ್ಸ್, 2 ಮೀಟರ್ ದೂರ, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಎಫ್/1.8. ಈ ಲೆಕ್ಕದಲ್ಲಿ ಸ್ಪಷ್ಟವಾಗಿ ಉಳಿಯುವ ಆಳ ಸುಮಾರು 17 ಸೆಂ.ಮೀ. ಕುರ್ಚಿಯಲ್ಲಿ ಕೂತವರು ಸ್ವಲ್ಪ ಮುಂದೆ ಬಾಗಿದರೂ ಅದರಾಚೆ ಹೋಗುತ್ತಾರೆ. ಆಟೋಫೋಕಸ್ ನಂಬಿದ್ದಳು, ಮುಖ ಬದಿಗೆ ತಿರುಗಿದೊಡನೆ ಅದು ಪರದೆಯನ್ನು ಹಿಡಿದಿತ್ತು. ಫೋಕಸ್ ನೋಡಬೇಕಾದವಳು ಲೆನ್ಸಿನ ಎದುರು ಅಳುತ್ತಿದ್ದಳು. ಅದೇ ದೂರದಲ್ಲಿ ಕಿಂಡಿ ಕಿರಿದಾಗಿಸಿ ಎಫ್/4 ಇಟ್ಟಿದ್ದರೆ ಆಳ 38 ಸೆಂ.ಮೀ. ಸಿಗುತ್ತಿತ್ತು. ಬೆಳಕು ಐದರಲ್ಲೊಂದು ಪಾಲಿಗೆ ಇಳಿಯುವುದರಿಂದ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 400ರ ಬದಲು 2000 ಬೇಕಾಗುತ್ತಿತ್ತು, ಗ್ರೇನ್ (ಮರಳಿನಂಥ ಚುಕ್ಕೆಗಳು) ಬರುತ್ತಿತ್ತು. ಗ್ರೇನ್ ಬಂದ ಮುಖವನ್ನು ಪ್ರೇಕ್ಷಕ ಸಹಿಸುತ್ತಾನೆ, ಮಸುಕಾದ ಮುಖವನ್ನು ಸಹಿಸುವುದಿಲ್ಲ. ತಾನೇ ನಟಿಸುವಾಗಿನ ಕ್ರಮ: ಕೂರುವ ಜಾಗದಲ್ಲಿ ಲೈಟ್ ಸ್ಟ್ಯಾಂಡ್ ನಿಲ್ಲಿಸಿ, ಕಣ್ಣಿನ ಎತ್ತರದಲ್ಲಿ ಅಕ್ಷರವಿರುವ ಕಾಗದ ಅಂಟಿಸಿ, ಹಿಗ್ಗಿಸಿ ನೋಡಿ ಫೋಕಸ್ ಮಾಡಿ, ಮ್ಯಾನ್ಯುಯಲ್‌ಗೆ ಬದಲಿಸಿ, ನೆಲದಲ್ಲಿ ಟೇಪ್ ಗುರುತು ಹಾಕುವುದು.

ಧ್ವನಿಯದ್ದೂ ಇದೇ ಕಥೆ. ಕಾಲರ್ ಮೈಕ್ ಬಟ್ಟೆಗೆ ಉಜ್ಜಿತ್ತು, ಹೆಡ್‌ಫೋನ್ ಯಾರ ಕಿವಿಯಲ್ಲೂ ಇರಲಿಲ್ಲ. ರಿಹರ್ಸಲ್‌ನಲ್ಲಿ ಮೆಲ್ಲಗೆ ಮಾತಾಡಿ ಲೆವೆಲ್ ಇಟ್ಟು, ಟೇಕ್‌ನಲ್ಲಿ ಕೂಗಿದ್ದರಿಂದ ಧ್ವನಿ ಒಡೆದಿತ್ತು. ರಿಹರ್ಸಲ್‌ನಲ್ಲೇ ಪೂರ್ಣ ದನಿಯಲ್ಲಿ ಕೂಗಿ, ಆ ಏರು ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ (ಸೊನ್ನೆ ದಾಟಿದರೆ ಧ್ವನಿ ಒಡೆಯುತ್ತದೆ) ಆಸುಪಾಸು ನಿಲ್ಲುವಂತೆ ಇಡಬೇಕು. ಇನ್ನೊಂದು: ಎದ್ದು ಕಟ್ ಮಾಡುವವರಿಲ್ಲದೆ 20 ನಿಮಿಷದ ಟೇಕ್‌ಗಳು. ಕ್ಯಾಮೆರಾ, ಧ್ವನಿ ಹಿಡಿಯುವ ಬೇರೆ ರೆಕಾರ್ಡರ್‌ಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ, ಕೊನೆಯ ಹೊತ್ತಿಗೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಆರಂಭದಲ್ಲಷ್ಟೇ ಅಲ್ಲ, ಟೇಕ್‌ನ ಕೊನೆಯಲ್ಲೂ ಕ್ಯಾಮೆರಾ ಎದುರು ಚಪ್ಪಾಳೆ ಹೊಡೆದಿದ್ದರೆ ಎಷ್ಟು ಫ್ರೇಮ್ ಜಾರಿದೆ ಎಂದು ಅಳೆದು ಸರಿಪಡಿಸಬಹುದಿತ್ತು.

ದಿನಕ್ಕೆ 18 ಶಾಟ್ ಎಂದುಕೊಂಡಿದ್ದಳು, ಆದದ್ದು 8. ಇದನ್ನು ಸೋಮಾರಿತನ ಎಂದು ಬರೆದಿದ್ದಳು. ಲೆಕ್ಕ ಹಾಕಿಸಿದೆವು. ಕ್ಯಾಮೆರಾ, ಬೆಳಕು ಹೊಂದಿಸಲು 40 ನಿಮಿಷ, ವೇಷ ಸರಿಪಡಿಸಿಕೊಳ್ಳಲು 10, ಟೇಕ್ ಮಾಡಿ ಕ್ಯಾಮೆರಾ ಹತ್ತಿರ ಹೋಗಿ ನೋಡಿ ಮತ್ತೆ ಮಾಡಲು 17. ಒಂದು ಶಾಟ್‌ಗೆ 67 ನಿಮಿಷ. ಒಂಬತ್ತು ಗಂಟೆಗೆ ಎಂಟು ಶಾಟ್. ಸೋಮಾರಿತನ ಇದರಲ್ಲಿ ಎಲ್ಲಿದೆ?

ಆಕೆ ಕ್ಷಮಿಸಿಕೊಳ್ಳಲಾರದ್ದು ಒಂದಿತ್ತು. ಐದನೆಯ ದಿನ ರಾತ್ರಿ ಎರಡಕ್ಕೆ, ಕಾಪಿ ಪೂರ್ತಿ ಆಗಿದೆಯೇ ನೋಡದೆ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಿ ಖಾಲಿ ಮಾಡಿದ್ದಳು. ಬೆಳಿಗ್ಗೆ ಅದೇ ಕಾರ್ಡ್‌ನಲ್ಲಿ ಚಿತ್ರೀಕರಿಸಿದಳು. ಬರೀ ಫಾರ್ಮ್ಯಾಟ್ ಆಗಿದ್ದರೆ ರಿಕವರಿ ಸಾಫ್ಟ್‌ವೇರ್‌ಗೆ ಬಹಳಷ್ಟು ಸಿಗಬಹುದಿತ್ತು, ಮೇಲೆ ಹೊಸದು ಬರೆದ ಮೇಲೆ ಹಳೆಯದು ಹೋದಂತೆಯೇ. ಒಂದು ದೃಶ್ಯ ಹೋಯಿತು. ಇಲ್ಲಿ ಸಮಾಧಾನದ ಮಾತು ಹೇಳಲಿಲ್ಲ, ಏಕೆಂದರೆ ಅದು ನಿಜವಾಗಿ ಆಕೆಯದೇ ತಪ್ಪು. ಆದರೆ 14 ಗಂಟೆ ಕೆಲಸ ಮಾಡಿದ ಮನುಷ್ಯಳ ಕೈಗೆ ಫಾರ್ಮ್ಯಾಟ್ ಬಟನ್ ಕೊಟ್ಟದ್ದು ಯಾವ ನಿರ್ಧಾರ? ಅದು ರಾತ್ರಿ ಎರಡರದ್ದಲ್ಲ, ಎರಡೇ ಕಾರ್ಡ್ ಸಾಕು ಎಂದುಕೊಂಡ ದಿನದ್ದು. ನಿಯಮವಾಗಿ ಬರೆಸಿದ್ದು: ಚಿತ್ರೀಕರಣದ ದಿನ ಫಾರ್ಮ್ಯಾಟ್ ಇಲ್ಲ. ತುಂಬಿದ ಕಾರ್ಡ್‌ಗೆ ಕೆಂಪು ಟೇಪ್. ಎರಡು ಬೇರೆ ಡ್ರೈವ್‌ಗಳಿಗೆ ಕಾಪಿ, ಎರಡರಲ್ಲೂ ಮೊದಲ, ನಡುವಿನ, ಕೊನೆಯ ಕ್ಲಿಪ್ ತೆರೆದು ನೋಡಿದ ಮೇಲಷ್ಟೇ ಟೇಪ್ ಕೀಳುವುದು, ಅದೂ ನಿದ್ದೆ ಮಾಡಿ ಎದ್ದ ಮೇಲೆ.

23ರಲ್ಲಿ 14, ಒಂದು ದೇಹ ಎರಡು ಕಡೆ ಇರಲಾಗದ್ದರಿಂದ ಆದವು. ಮೂರಕ್ಕೆ ಮಳೆ ಕಾರಣ. ಉಳಿದ ಆರು ನಿರ್ಧಾರಗಳು, ಅವಲೋಕನಕ್ಕೆ ಬೇಕಾದ ತಿರುಳು ಅಲ್ಲಿತ್ತು. ಆರರಲ್ಲಿ ಒಂದು ಹೊರಬರಲು ಹೊತ್ತು ಹಿಡಿಯಿತು. ‘ತಂಡದವಳು ಬಿಟ್ಟುಹೋದಳು, ಹಾಗಾಗಿ ಒಬ್ಬಳೇ ಮಾಡಿದೆ’ ಎನ್ನುತ್ತಿದ್ದವಳು, ಬೂಮ್ (ಉದ್ದ ಕೋಲಿನ ತುದಿಯ ಮೈಕ್) ಹಿಡಿಯಲು ಸಹಪಾಠಿಯೊಬ್ಬ ತಾನಾಗಿಯೇ ಬಂದಿದ್ದನ್ನೂ, ತಾನು ಬೇಡ ಎಂದದ್ದನ್ನೂ ಕೊನೆಗೆ ಹೇಳಿದಳು. ಅರೆಬರೆ ಕೆಲಸವನ್ನು ಇನ್ನೊಬ್ಬರು ನೋಡುವುದು ನಾಚಿಕೆ. ಅದನ್ನೂ ಬರೆಯಬೇಕೇ ಎಂದು ಕೇಳಿದಳು. ನಾಚಿಕೆಯನ್ನು ಬರೆಯಬೇಕಿಲ್ಲ, ಬೇಡ ಎಂದದ್ದನ್ನು ಬರೆಯಿರಿ ಎಂದೆವು.

ಬರಹಕ್ಕೆ ಕೊಟ್ಟ ಸೂಚನೆಯೂ ಆ ಜಾಡಿನದೇ. ‘ಧ್ವನಿ ಕೆಟ್ಟದಾಗಿದೆ’ ಎಂಬುದರ ಬದಲು: ‘ನಾಲ್ಕನೆಯ ದೃಶ್ಯದಲ್ಲಿ ಮೈಕ್ ಬಟ್ಟೆಗೆ ಉಜ್ಜಿದೆ. ನಾನು ಪಾತ್ರದಲ್ಲಿದ್ದೆ, ಕೇಳುವವರಿರಲಿಲ್ಲ. ಮೊದಲ ಟೇಕ್ ಆದ ಕೂಡಲೇ ನಿಲ್ಲಿಸಿ ಕೇಳಿದ್ದರೆ ಗೊತ್ತಾಗುತ್ತಿತ್ತು. ಐದು ನಿಮಿಷ ಉಳಿಸಲು ಹೋಗಿ ಕೇಳಲಿಲ್ಲ.’ ಪ್ರತಿ ತಪ್ಪಿಗೂ ‘ಆಗಲೇ ಗೊತ್ತಿತ್ತೇ, ಈಗ ಗೊತ್ತಾಯಿತೇ’ ಎಂದು ಬೇರ್ಪಡಿಸಲು ಹೇಳಿದೆವು. ಆಗ ಗೊತ್ತಿರದಿದ್ದಕ್ಕೆ ತಪ್ಪೊಪ್ಪಿಗೆ ಬೇಡ. ‘ಒಬ್ಬಳೇ ಮಾಡಿದೆ’ ಎಂಬ ಮಾತು ಇಡೀ ಬರಹದಲ್ಲಿ ಒಮ್ಮೆ ಸಾಕು, ಕೊನೆಯ ಟೈಟಲ್‌ಗಳಲ್ಲೂ ಹೆಸರು ಒಂಬತ್ತು ಕಡೆ ಬೇಡ. ಪಟ್ಟಿಯಲ್ಲಿ ಒಳ್ಳೆಯದು ಒಂದೂ ಇರಲಿಲ್ಲ, ಕೇಳಿ ಸೇರಿಸಿಸಿದ್ದು: ಕ್ಯಾಮೆರಾ ಅಲುಗಿಸುವವರಿಲ್ಲದ್ದರಿಂದ ಟ್ರೈಪಾಡ್ ಮೇಲೇ ಬಿಟ್ಟ ಎರಡು ನಿಮಿಷದ ವೈಡ್ ಶಾಟ್ ಚಿತ್ರದ ಅತ್ಯುತ್ತಮ ಭಾಗವಾಗಿತ್ತು.

ಮೂರನೆಯ ಭೇಟಿಗೆ ಬರುವಾಗ 1,380 ಪದ ಆಗಿತ್ತು. ಬೂಮ್ ಹಿಡಿಯಲು ಬಂದಿದ್ದ ಸಹಪಾಠಿಗೆ ಹೆಡ್‌ಫೋನ್ ಕೊಟ್ಟು ಚಿತ್ರ ತೋರಿಸಿದ್ದಳಂತೆ. ಆಕೆ ಗುರುತಿಸದ ಒಂದು ಗುಂಯ್ ಸದ್ದನ್ನು ಆತ ಏಳನೆಯ ನಿಮಿಷದಲ್ಲಿ ತೋರಿಸಿದ. ಪಟ್ಟಿಗೆ 24ನೆಯದಾಗಿ ಸೇರಿತ್ತು.